ಗುಡ್ಡಕ್ಕೊಂದು, ಬಯಲಿಗೊಂದು: ಆಫ್‌ರೋಡ್ ಗಾಡಿಗೆ ಯಾವ ರೇಡಿಯೊ ಆಂಟೆನಾ?

ಮೊಬೈಲ್ ಸಿಗ್ನಲ್ ಸಿಗದ ಕಡೆ ಗಾಡಿ ಓಡಿಸುವವರು ರೇಡಿಯೊ ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತಾರೆ. ಆಂಟೆನಾ ವಿಷಯ ಬಂದಾಗ ಮಾತ್ರ ಅಂಗಡಿಯಲ್ಲಿ ಕೊಟ್ಟದ್ದನ್ನು ಹಾಕಿಸಿಕೊಂಡು ಬರುತ್ತಾರೆ. ಇಲ್ಲವಾದರೆ ಡಬ್ಬದ ಮೇಲೆ ಎಲ್ಲಕ್ಕಿಂತ ದೊಡ್ಡ ಡಿಬಿ (ಡೆಸಿಬೆಲ್) ಸಂಖ್ಯೆ ಇರುವುದನ್ನು ಹುಡುಕುತ್ತಾರೆ. 5 ವ್ಯಾಟ್‌ನ ರೇಡಿಯೊ ಯಾವ ಕಂಪನಿಯದ್ದಾದರೂ 5 ವ್ಯಾಟೇ. ಅದರ ಮಾತು ಮೂರು ಕಿಲೋಮೀಟರ್ ಹೋಗುತ್ತದೋ ಮೂವತ್ತು ಹೋಗುತ್ತದೋ ಅನ್ನುವುದು ನೀವು ನಿಂತ ನೆಲ, ಆಂಟೆನಾ, ಅದನ್ನು ಕೂರಿಸಿದ ಜಾಗ, ನಡುವಿನ ಕೇಬಲ್, ಇವುಗಳ ಮೇಲೆ ನಿಂತಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೆಲ ನೋಡಿ ಆಂಟೆನಾ ಆರಿಸಿ, ಡಿಬಿ ನೋಡಿ ಆರಿಸಬೇಡಿ. ದೊಡ್ಡ ಡಿಬಿ ಅಂದರೆ ಒಳ್ಳೆಯ ಆಂಟೆನಾ ಅನ್ನುವುದು ಬಯಲುಸೀಮೆಯಲ್ಲಿ ಮಾತ್ರ ನಿಜ. ಗುಡ್ಡಗಾಡಿನಲ್ಲಿ ಅದೇ ಆಂಟೆನಾ ಕೈಕೊಡುತ್ತದೆ.

ಮೊದಲು ಬ್ಯಾಂಡ್ ಯಾವುದು

ಬ್ಯಾಂಡ್ ಅಂದರೆ ರೇಡಿಯೊ ಕೆಲಸ ಮಾಡುವ ಆವರ್ತನಗಳ ಗುಂಪು. ಆಂಟೆನಾದ ಉದ್ದ ಅಲೆಯ ಉದ್ದಕ್ಕೆ ಕಟ್ಟುಬಿದ್ದದ್ದು. 27 ಮೆಗಾಹರ್ಟ್ಸ್‌ನ ಹಳೆಯ ಸಿಬಿ (ಜನಸಾಮಾನ್ಯರ) ರೇಡಿಯೊದ ಅಲೆ ಸುಮಾರು 11 ಮೀಟರ್. ಅದರ ಕಾಲು ಭಾಗದ ಕಡ್ಡಿ ಬೇಕೆಂದರೂ 2.75 ಮೀಟರ್ ಆಗುತ್ತದೆ, ಗಾಡಿಯ ಅಗಲಕ್ಕಿಂತಲೂ ಉದ್ದದ ಕೋಲು. ಆಸ್ಟ್ರೇಲಿಯಾದ ಯುಎಚ್‌ಎಫ್ (ಇನ್ನೂ ಹೆಚ್ಚಿನ ಆವರ್ತನದ) ಸಿಬಿ 477 ಮೆಗಾಹರ್ಟ್ಸ್ ಸುಮಾರಿಗೆ ಕೆಲಸ ಮಾಡುತ್ತದೆ. ಅಲ್ಲಿ ಅಲೆ 63 ಸೆಂಟಿಮೀಟರ್, ಕಾಲು ಅಲೆ 16 ಸೆಂಟಿಮೀಟರ್‌ಗಿಂತ ಕಡಿಮೆ. ಅಮೆರಿಕದಲ್ಲಿ ಜನಸಾಮಾನ್ಯರು ಬಳಸುವ ಜಿಎಂಆರ್‌ಎಸ್ ರೇಡಿಯೊ 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿದೆ, ಹಾಗಾಗಿ ಲೆಕ್ಕ ಹೆಚ್ಚುಕಡಿಮೆ ಅದೇ. ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, 2 ಮೀಟರ್ ಬ್ಯಾಂಡಿಗೆ ಕಾಲು ಅಲೆ ಅರ್ಧ ಮೀಟರ್.

ಬ್ಯಾಂಡ್ ಆರಿಸುವ ಸ್ವಾತಂತ್ರ್ಯ ನಿಮಗೆ ಅಷ್ಟಾಗಿ ಇರುವುದಿಲ್ಲ. ಜೊತೆಗೆ ಬರುವ ಗಾಡಿಗಳಲ್ಲಿ ಯಾವುದಿದೆಯೋ ಅದೇ ನಿಮ್ಮ ಬ್ಯಾಂಡ್. ಯಾವುದಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ನೋಡಿಕೊಂಡೇ ಮುಂದುವರಿಯಿರಿ. ಒಂದು ಬ್ಯಾಂಡಿನ ಆಂಟೆನಾವನ್ನು ಇನ್ನೊಂದರ ರೇಡಿಯೊಗೆ ಸಿಕ್ಕಿಸಿದರೆ ಮಾತು ಹೋಗುವುದಿಲ್ಲ, ಅಷ್ಟೇ ಅಲ್ಲ, ಹೊರಗೆ ಹೋಗಲಾರದ ಶಕ್ತಿ ವಾಪಸ್ ಬಂದು ರೇಡಿಯೊವನ್ನೇ ಸುಡಬಹುದು.

ಡಿಬಿ ಅನ್ನುವ ಸಂಖ್ಯೆ ಏನು ಹೇಳುತ್ತದೆ

ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ. ರೇಡಿಯೊ ಕೊಟ್ಟ 5 ವ್ಯಾಟನ್ನು ಯಾವ ದಿಕ್ಕಿಗೆ ಎಷ್ಟು ಹಂಚಬೇಕು ಅನ್ನುವುದಷ್ಟೇ ಅದರ ಕೆಲಸ. ದುಂಡಗಿನ ಬಲೂನಿನ ನೆತ್ತಿಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ. ಅದು ಚಪ್ಪಟೆಯಾಗುತ್ತದೆ, ಸುತ್ತಲೂ ಅಗಲವಾಗುತ್ತದೆ, ಒಳಗಿನ ಗಾಳಿ ಮಾತ್ರ ಅಷ್ಟೇ. ಡಿಬಿ ಹೆಚ್ಚಿಸುವುದು ಅಂದರೆ ಇದೇ. ಆಕಾಶಕ್ಕೆ, ನೆಲಕ್ಕೆ ಹೋಗುತ್ತಿದ್ದದ್ದನ್ನು ಕಿತ್ತು ಅಡ್ಡಲಾಗಿ ಕಳಿಸುವುದು.

ಎಷ್ಟು ಚಪ್ಪಟೆ ಅನ್ನುವುದಕ್ಕೆ ಸಂಖ್ಯೆ ಇದೆ. ಅದನ್ನು ಗೇನ್ ಅನ್ನುತ್ತಾರೆ; ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಲ್ಪನೆಯ ಆಂಟೆನಾಗೆ ಹೋಲಿಸಿ ಅಳೆದರೆ ಅದು ಡಿಬಿಐ. ಅರ್ಧ ಅಲೆಯ ಸರಳ ಡೈಪೋಲ್ ಆಂಟೆನಾದ ಗೇನ್ 2.15 ಡಿಬಿಐ, ಅದರ ಮೇಲೆ-ಕೆಳಗಿನ ಹರಹು ಸುಮಾರು 78 ಡಿಗ್ರಿ. 6 ಡಿಬಿಐ ಆಂಟೆನಾದಲ್ಲಿ ಅದು ಹೆಚ್ಚುಕಡಿಮೆ 30 ಡಿಗ್ರಿಗೆ ಇಳಿಯುತ್ತದೆ. 9 ಡಿಬಿಐ ಹೊತ್ತಿಗೆ ಸುಮಾರು 15. ಅಂದರೆ ಅಡ್ಡಗೆರೆಯಿಂದ ಮೇಲಕ್ಕೆ ಏಳೆಂಟು ಡಿಗ್ರಿ, ಕೆಳಕ್ಕೆ ಏಳೆಂಟು ಡಿಗ್ರಿ, ಮುಗೀತು.

ಈಗ ಇದನ್ನು ಗುಡ್ಡಕ್ಕೆ ತನ್ನಿ. ನಿಮ್ಮ ಗೆಳೆಯರ ಗಾಡಿ ಒಂದು ಕಿಲೋಮೀಟರ್ ಆಚೆ, 300 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ ಅನ್ನೋಣ. ನಿಮ್ಮಿಂದ ಅವರಿಗೆ ಸುಮಾರು 17 ಡಿಗ್ರಿ ಮೇಲ್ಮುಖ ಕೋನ. 9 ಡಿಬಿಐ ಆಂಟೆನಾದ ಅಲೆಯ ಪಟ್ಟಿ ಅವರ ಗಾಡಿಯ ಕೆಳಗೇ ಹಾದುಹೋಗುತ್ತದೆ. ಕಣ್ಣಿಗೆ ಕಾಣುವ ಗಾಡಿ ರೇಡಿಯೊದಲ್ಲಿ ಕೊರಗುಟ್ಟುತ್ತದೆ. ಇಲ್ಲಿ 3 ಡಿಬಿಐನ ಮೋಟು ಆಂಟೆನಾ ಸರಾಗವಾಗಿ ಮಾತಾಡುತ್ತದೆ. ಇನ್ನೊಂದು ವಿಷಯ ಮರೆಯುತ್ತೇವೆ. ಆಫ್‌ರೋಡ್ ಗಾಡಿ ಮಟ್ಟವಾಗಿ ನಿಲ್ಲುವುದೇ ಅಪರೂಪ. 20 ಡಿಗ್ರಿ ಏರು ಹತ್ತುತ್ತಿರುವಾಗ ಆಂಟೆನಾವೂ 20 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಆಗ ತೆಳ್ಳನೆಯ ಪಟ್ಟಿ ಮುಂದಕ್ಕೆ ಆಕಾಶ ನೋಡುತ್ತಿರುತ್ತದೆ, ಹಿಂದಕ್ಕೆ ನೆಲ ನೋಡುತ್ತಿರುತ್ತದೆ.

ಬಯಲಿನಲ್ಲಿ ಕಥೆಯೇ ಬೇರೆ. ಕಣ್ಣು ಹಾಯಿಸಿದಷ್ಟೂ ಸಪಾಟು, ಎಲ್ಲರೂ ಒಂದೇ ಮಟ್ಟದಲ್ಲಿ. ಅಲ್ಲಿ ಆಕಾಶಕ್ಕೆ ಹೋದದ್ದು ಬರೀ ದಂಡ. 3 ಡಿಬಿ ಹೆಚ್ಚಾದರೆ ಆ ದಿಕ್ಕಿನಲ್ಲಿ ಶಕ್ತಿ ಎರಡರಷ್ಟು, 6 ಡಿಬಿ ಅಂದರೆ ನಾಲ್ಕರಷ್ಟು. ಮರುಭೂಮಿಯಂಥ ಬಯಲಿಗೆ 9 ಡಿಬಿಐ ಹಾಕುವವರು ಸುಮ್ನೆ ಹಾಕುವುದಿಲ್ಲ.

ಆದರೆ ಅದಕ್ಕೂ ಮಿತಿ ಇದೆ. ಯುಎಚ್‌ಎಫ್ ಅಲೆ ಭೂಮಿಯ ಬಾಗನ್ನು ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಇದಕ್ಕೊಂದು ಸುಲಭದ ಲೆಕ್ಕ ಇದೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಳ್ಳಿ, ವರ್ಗಮೂಲ ತೆಗೆಯಿರಿ, 4.12ರಿಂದ ಗುಣಿಸಿ. ಅಷ್ಟು ಕಿಲೋಮೀಟರ್ ಆ ಆಂಟೆನಾದ ದಿಗಂತ. ಇಬ್ಬರ ದಿಗಂತವನ್ನೂ ಕೂಡಿಸಬೇಕು. ಎರಡೂ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಒಟ್ಟು ಹನ್ನೊಂದೂವರೆ ಕಿಲೋಮೀಟರ್ ಚಿಲ್ಲರೆ. ಅದರಾಚೆ 3 ಡಿಬಿ ಜಾಸ್ತಿ ಸುರಿದರೂ ಹೆಚ್ಚೇನೂ ದಕ್ಕುವುದಿಲ್ಲ. ಅದೇ ಒಬ್ಬರು 100 ಮೀಟರ್ ಎತ್ತರದ ದಿಬ್ಬ ಹತ್ತಿ ನಿಂತರೆ 47 ಕಿಲೋಮೀಟರ್. ಕಾಸು ಖರ್ಚಿಲ್ಲದ ಗೇನ್ ಅಂದರೆ ಇದು.

ಬೆಟ್ಟದ ತುದಿಯಲ್ಲಿ ರಿಪೀಟರ್ (ಬಂದ ಮಾತನ್ನು ಹಿಡಿದು ಮತ್ತೆ ಕಳಿಸುವ ಯಂತ್ರ) ಇರುವ ಕಡೆಯೂ ಇದೇ ತರ್ಕ. ದೂರದ ಬಯಲಿನಿಂದ ಅದನ್ನು ಮುಟ್ಟಬೇಕಾದರೆ ದೊಡ್ಡ ಗೇನ್ ಅನುಕೂಲ. ಬೆಟ್ಟದ ಬುಡದಲ್ಲೇ ನಿಂತಿದ್ದರೆ ಮೋಟು ಆಂಟೆನಾವೇ ವಾಸಿ.

ಕೊಳ್ಳುವಾಗ ಒಂದು ಎಚ್ಚರ. ಕೆಲವರು ಡಿಬಿಐ ಬರೆಯುತ್ತಾರೆ, ಕೆಲವರು ಡೈಪೋಲ್‌ಗೆ ಹೋಲಿಸಿದ ಡಿಬಿಡಿ ಬರೆಯುತ್ತಾರೆ. ಎರಡಕ್ಕೂ 2.15 ವ್ಯತ್ಯಾಸ. 4 ಡಿಬಿಡಿ ಅಂದರೆ 6.15 ಡಿಬಿಐ. ಬರೀ "ಡಿಬಿ" ಅಂತ ಬರೆದಿದ್ದರೆ ಆ ಸಂಖ್ಯೆಯನ್ನು ಯಾವುದಕ್ಕೂ ಹೋಲಿಸಲು ಬರುವುದಿಲ್ಲ. ಆಗ ಉದ್ದ ನೋಡಿ. ಯುಎಚ್‌ಎಫ್‌ನಲ್ಲಿ ನಿಜವಾದ 6 ಡಿಬಿಐಗೆ ಒಂದು ಮೀಟರಿನ ಆಸುಪಾಸು ಬೇಕು. ಒಂದು ಗೇಣಿನ ಕಡ್ಡಿಯ ಮೇಲೆ 9 ಎಂದು ಬರೆದಿದ್ದರೆ ಅದು ಜಾಹೀರಾತು, ಅಳತೆ ಅಲ್ಲ.

ಫೈಬರ್ ಕೊಳವೆಯೋ, ಸ್ಟೀಲ್ ಕಡ್ಡಿಯೋ

ಅಲೆ ಎದ್ದ ಮಣ್ಣು ರಸ್ತೆಯಲ್ಲಿ ಗಾಡಿ ಹೋಗುವಾಗ ಬಂಪರ್ ಮೇಲಿನ ಉದ್ದನೆಯ ಫೈಬರ್ ಆಂಟೆನಾವನ್ನು ಒಳಗಿನಿಂದಲೇ ಗಮನಿಸಿ. ತುದಿ ಒಂದು ಕಡೆ ಹೋದರೆ ನಡು ಇನ್ನೊಂದು ಕಡೆ ಬಾಗುತ್ತದೆ, ಬುಡದ ಸ್ಪ್ರಿಂಗ್ ಕಿರುಗುಡುತ್ತದೆ. ಎಲ್ಲ ಹೊಡೆತ ಕೊನೆಗೆ ಬೀಳುವುದು ಆಂಟೆನಾ ಕೂತ ಬ್ರ್ಯಾಕೆಟ್‌ನ ಮೂಲೆಗೆ. ಆಂಟೆನಾ ಮುರಿಯುವುದಕ್ಕಿಂತ ಮೊದಲು ಬ್ರ್ಯಾಕೆಟ್‌ನ ಬೆಸುಗೆ ಬಿಡುತ್ತದೆ. ಉದ್ದ ಮತ್ತು ತೂಕ ಹೆಚ್ಚಿದಷ್ಟೂ ಇದು ಬೇಗ. ಹಾಗಾಗಿ ದೊಡ್ಡ ಫೈಬರ್ ಆಂಟೆನಾ ತೆಗೆದುಕೊಂಡರೆ ದಪ್ಪ ತಗಡಿನ ಬ್ರ್ಯಾಕೆಟ್‌ಗೂ ದುಡ್ಡು ಇಟ್ಟುಕೊಳ್ಳಿ.

ಫೈಬರ್‌ನ ಗುಣ ಏನೆಂದರೆ ಒಳಗಿನ ತಂತಿ, ಕಾಯಿಲು ಎಲ್ಲ ಮುಚ್ಚಿರುತ್ತದೆ. ಮಳೆ, ಕೆಸರು ತಾಗುವುದಿಲ್ಲ. ಗೇನ್ ಹೆಚ್ಚಿರುವ ಮಾದರಿಗಳು ಬಹುತೇಕ ಈ ರೂಪದಲ್ಲೇ ಬರುತ್ತವೆ. ಕೆಟ್ಟದ್ದೆಂದರೆ ಕೊಂಬೆಗೆ ತಗಲಿ ಸಣ್ಣಗೆ ಸೀಳಿದರೂ ನೀರು ಒಳಗೆ ಹೋಗುತ್ತದೆ, ಹೊರಗಿನಿಂದ ಗೊತ್ತಾಗುವುದೇ ಇಲ್ಲ. ವರ್ಷಗಟ್ಟಲೆ ಬಿಸಿಲು ತಿಂದ ಫೈಬರ್‌ನ ಮೇಲ್ಮೈ ಬಿರಿದು ಎಳೆಎಳೆ ಏಳುತ್ತದೆ. ಬರಿಗೈಯಲ್ಲಿ ಹಿಡಿದರೆ ಚುಚ್ಚಿಕೊಂಡ ಮುಳ್ಳು ಕಣ್ಣಿಗೂ ಕಾಣುವುದಿಲ್ಲ.

ಸ್ಟೀಲ್ ಕಡ್ಡಿ ಬಾಗುತ್ತದೆ, ನೆಟ್ಟಗಾಗುತ್ತದೆ. ಕಾಡುದಾರಿಗೆ ಇದು ಹೇಳಿ ಮಾಡಿಸಿದ್ದು. ಹಗುರ, ಅಗ್ಗ, ಬ್ರ್ಯಾಕೆಟ್‌ಗೆ ಭಾರ ಇಲ್ಲ. ಗೇನ್ ಸಾಧಾರಣ, ಆದರೆ ಮರಗಳ ನಡುವೆ ಗೇನ್‌ಗಿಂತ ಮುರಿಯದೆ ಉಳಿಯುವುದೇ ಮುಖ್ಯ ಅಲ್ವಾ?

ಇವೆರಡರ ಜಗಳ ಬಿಡಿಸುವ ಒಂದು ಉಪಾಯ ಮಾರುಕಟ್ಟೆಯಲ್ಲೇ ಇದೆ. ಬುಡ ಒಂದೇ, ಮೇಲಿನ ಕಡ್ಡಿ ಮಾತ್ರ ತಿರುಗಿಸಿ ಬದಲಾಯಿಸುವಂಥದ್ದು. ಬಯಲು ದಾಟುವಾಗ ಉದ್ದದ್ದು, ಘಾಟಿ ಹತ್ತುವಾಗ ಮೋಟು. ನನ್ನನ್ನು ಕೇಳಿದರೆ ಮೊದಲ ಸಲ ಕೊಳ್ಳುವವರು ಇದನ್ನೇ ತೆಗೆದುಕೊಳ್ಳಬೇಕು. ಎರಡು ಕಡ್ಡಿ ಇದ್ದರೆ ಒಂದು ಮುರಿದರೂ ದಾರಿಯಲ್ಲಿ ಇನ್ನೊಂದಿರುತ್ತದೆ. ಒಂದೇ ಕಡ್ಡಿ ಸಾಕು ಅನ್ನುವವರಿಗೆ 5ರಿಂದ 6.5 ಡಿಬಿಐ ನಡುವಿನದ್ದು. ಅದು ಎಲ್ಲೂ ಅತ್ಯುತ್ತಮ ಅಲ್ಲ, ಎಲ್ಲೂ ಕೈಬಿಡುವುದೂ ಇಲ್ಲ.

ಕೂರಿಸುವ ಜಾಗ

ಕಾಲು ಅಲೆಯ ಸರಳ ಕಡ್ಡಿಗೆ ಕೆಳಗೆ ಲೋಹದ ಹಾಸು ಬೇಕು. ಗಾಡಿಯ ಮೈಯೇ ಆಂಟೆನಾದ ಇನ್ನರ್ಧ. ಆದ್ದರಿಂದ ಅದಕ್ಕೆ ಒಳ್ಳೆಯ ಜಾಗ ಚಾವಣಿಯ ನಟ್ಟನಡು. ಸುತ್ತಲೂ ಒಂದೇ ಸಮ ಹರಡುತ್ತದೆ, ಎತ್ತರವೂ ಸಿಗುತ್ತದೆ. ಆದರೆ ಚಾವಣಿಗೆ ತೂತು ಹೊಡೆಸಲು ಯಾರಿಗೆ ಮನಸ್ಸು ಬರುತ್ತದೆ? ಅಯಸ್ಕಾಂತದ ಬುಡ ಇಟ್ಟರೆ ತೂತಿನ ಗೋಜಿಲ್ಲ, ಆದರೆ ಮೊದಲ ಕೊಂಬೆಗೇ ಅದು ಹಾರಿಹೋಗುತ್ತದೆ. ಅಡಿಯಲ್ಲಿ ಸೇರಿದ ಧೂಳು ಬಣ್ಣವನ್ನು ಉಜ್ಜಿ ತೆಗೆಯುತ್ತದೆ. ಅಲ್ಯೂಮಿನಿಯಂ ಚಾವಣಿಗೆ ಅದು ಅಂಟುವುದೂ ಇಲ್ಲ. ಬಾಡಿಗೆ ಗಾಡಿಗೆ ಸರಿ, ಸ್ವಂತದ್ದಕ್ಕೆ ಬೇಡ.

ಬುಲ್‌ಬಾರ್ (ಗಾಡಿಯ ಮುಂದಿನ ಪೈಪಿನ ಚೌಕಟ್ಟು) ಮೇಲೆ ಕೂರಿಸುವುದು ಎಲ್ಲಕ್ಕಿಂತ ಸುಲಭ, ಹಾಗಾಗಿಯೇ ಎಲ್ಲರೂ ಅಲ್ಲಿ ಹಾಕುತ್ತಾರೆ. ಅಲ್ಲಿ ಕಾಲು ಅಲೆಯ ಕಡ್ಡಿ ಹಾಕಬಾರದು. ಕೆಳಗೆ ಹಾಸು ಇಲ್ಲ, ಪಕ್ಕದಲ್ಲಿ ಪೈಪುಗಳ ಗೋಜಲು. ನೆಲದ ಹಾಸು ಬೇಡದ, ಬುಡ ಎತ್ತರಿಸಿದ ಮಾದರಿ ತೆಗೆದುಕೊಳ್ಳಿ. ಅದರಲ್ಲಿ ಅಲೆ ಹೊರಡುವ ಭಾಗ ಬಂಪರ್‌ಗಿಂತ ಸಾಕಷ್ಟು ಮೇಲಿರುತ್ತದೆ. ಆದರೂ ಹಿಂದೆ ಇಡೀ ಗಾಡಿಯ ಗೋಡೆ ಇದೆ. ಮುಂದಿನ ಗಾಡಿಗೆ ಚೆನ್ನಾಗಿ ಕೇಳುತ್ತದೆ, ಹಿಂದಿನವರಿಗೆ ಅಷ್ಟಕ್ಕಷ್ಟೆ. ಸಾಲಿನ ಮುಂದಾಳು ಗಾಡಿಗೆ ಇದು ತಲೆನೋವು, ಏಕೆಂದರೆ ಅವರು ಮಾತಾಡಬೇಕಾದವರೆಲ್ಲ ಹಿಂದೆಯೇ ಇರುತ್ತಾರೆ.

ಬಾನೆಟ್ ಪಕ್ಕದ ಸಂದಿಯಲ್ಲಿ ಅಥವಾ ಚಾವಣಿಯ ಕ್ಯಾರಿಯರ್ ಅಂಚಿಗೆ ಕೂರಿಸುವುದು ನಡುವಿನ ದಾರಿ. ಕ್ಯಾರಿಯರ್ ಆದರೆ ಎತ್ತರ ಸಿಗುತ್ತದೆ, ಆದರೆ ಅಲ್ಲಿ ಉದ್ದದ ಕಡ್ಡಿ ಬೇಡ. ಮರದ ಕೊಂಬೆ, ಗೇಟು, ಪಾರ್ಕಿಂಗ್ ಚಾವಣಿ ಎಲ್ಲವೂ ಅದಕ್ಕೆ ಶತ್ರು. ಎಲ್ಲಿಯೇ ಆಗಲಿ ಕಡ್ಡಿ ನೆಟ್ಟಗೆ ನಿಂತಿರಬೇಕು. ಕೊಂಬೆಗೆ ಹೆದರಿ ಮಲಗಿಸಿ ಕಟ್ಟಿದರೆ ಅಲೆಯೂ ಮಲಗುತ್ತದೆ, ನೆಟ್ಟಗಿರುವ ಎದುರಿನ ಆಂಟೆನಾ ಅದನ್ನು ಸರಿಯಾಗಿ ಹಿಡಿಯುವುದಿಲ್ಲ.

ಎಲ್‌ಇಡಿ ಲೈಟ್‌ಬಾರ್ ಪಕ್ಕದಲ್ಲಿ ಕೂರಿಸಿದವರು ಒಮ್ಮೆ ಲೈಟ್ ಹಾಕಿ ಕೇಳಿ ನೋಡಿ. ಕಳಪೆ ಲೈಟ್ ಆದರೆ ಸರ್ ಎನ್ನುವ ಸದ್ದು ದೂರದ ಮಾತನ್ನೆಲ್ಲ ನುಂಗುತ್ತದೆ.

ಕೇಬಲ್ ಕದಿಯುವ ಶಕ್ತಿ

ತೆಳ್ಳನೆಯ ಆರ್‌ಜಿ-58 ಕೇಬಲ್ ಯುಎಚ್‌ಎಫ್‌ನಲ್ಲಿ 5 ಮೀಟರಿಗೆ ಸುಮಾರು 2 ಡಿಬಿ ತಿನ್ನುತ್ತದೆ. ಅಂದರೆ ರೇಡಿಯೊ ಕೊಟ್ಟ 5 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು ಮೂರು ವ್ಯಾಟ್ ಚಿಲ್ಲರೆ. 6 ಡಿಬಿಐ ಆಂಟೆನಾಗೆ ದುಡ್ಡು ಕೊಟ್ಟು 4 ಡಿಬಿಐ ಬಳಸಿದ ಹಾಗಾಯಿತು. 27 ಮೆಗಾಹರ್ಟ್ಸ್‌ನಲ್ಲಿ ಅದೇ ಕೇಬಲ್ ಅರ್ಧ ಡಿಬಿಯೂ ತಿನ್ನುವುದಿಲ್ಲ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಯುಎಚ್‌ಎಫ್‌ಗೆ ಮಾತ್ರ ದಪ್ಪ, ನಷ್ಟ ಕಡಿಮೆ ಇರುವ ಕೇಬಲ್ ಹಾಕಿಸಿ, ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ. ಉಳಿದದ್ದನ್ನು ಸುರುಳಿ ಸುತ್ತಿ ಡ್ಯಾಶ್‌ಬೋರ್ಡ್ ಹಿಂದೆ ತುರುಕಬೇಡಿ. ಒಂದು ಅಪವಾದ ಇದೆ. 27 ಮೆಗಾಹರ್ಟ್ಸ್‌ನ "ನೆಲದ ಹಾಸು ಬೇಡ" ಅನ್ನುವ ಕಿಟ್‌ಗಳಲ್ಲಿ ಕೇಬಲ್‌ನ ಉದ್ದವೂ ಟ್ಯೂನಿಂಗಿನ ಭಾಗ. ಅದಕ್ಕೆ ಕತ್ತರಿ ಹಾಕಿದರೆ ಕೆಟ್ಟಿತು.

ಹಳೆಯ ಆಂಟೆನಾ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಹೊಸದು ಕೊಳ್ಳುವ ಮೊದಲು ಬಾನೆಟ್ ಕೆಳಗಿನ ಕನೆಕ್ಟರ್ ಬಿಚ್ಚಿ. ಒಳಗಿನ ತಾಮ್ರದ ಜಾಲರಿ ಹೊಳೆಯುತ್ತಿದ್ದರೆ ಸರಿ. ಕಪ್ಪಗಾಗಿದ್ದರೆ, ಹಸಿರು ಪುಡಿ ಉದುರಿದರೆ, ನೀರು ಹೊಕ್ಕಿದೆ ಎಂದರ್ಥ. ಒಂದು ಗೇಣು ಕತ್ತರಿಸಿ ನೋಡಿದರೂ ಕಪ್ಪೇ ಇರಬಹುದು, ಏಕೆಂದರೆ ಜಾಲರಿ ಬತ್ತಿಯಂತೆ ನೀರು ಹೀರುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ ಹೊಸ ಪ್ಲಗ್ ಹಾಕಿ. ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಎಳೆದು ಸುತ್ತಿ. ಬರೀ ಕರೆಂಟ್ ಟೇಪ್ ಸುತ್ತಿದರೆ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಹಾಕಿಸಿದ ಮೇಲೆ ಎಸ್‌ಡಬ್ಲ್ಯೂಆರ್ ಮೀಟರ್ ಇಟ್ಟು ಅಳೆಯಿರಿ. ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಅನ್ನುವುದನ್ನು ಅದು ಹೇಳುತ್ತದೆ. 1.5 ಬಂದರೆ ಶಕ್ತಿಯಲ್ಲಿ ಶೇ 4 ಮಾತ್ರ ವಾಪಸ್ ಬರುತ್ತಿದೆ, ಚೆನ್ನಾಗಿದೆ. 2 ಬಂದರೆ ಶೇ 11, ನಡೆಯುತ್ತದೆ. 3 ಅಂದರೆ ಕಾಲು ಭಾಗ ವಾಪಸ್, ಮಾತಾಡುವುದು ನಿಲ್ಲಿಸಿ ಕಾರಣ ಹುಡುಕಿ. 27 ಮೆಗಾಹರ್ಟ್ಸ್ ಸಿಬಿಯಲ್ಲಿ ಕಡ್ಡಿಯನ್ನು ನೀವೇ ಹೊಂದಿಸಬೇಕಾಗುತ್ತದೆ. 1ನೇ ಚಾನೆಲ್ಲಿನಲ್ಲಿ ಅಳೆಯಿರಿ, 40ರಲ್ಲಿ ಅಳೆಯಿರಿ. 40ರಲ್ಲಿ ಜಾಸ್ತಿ ಬಂದರೆ ಕಡ್ಡಿ ಉದ್ದವಾಗಿದೆ, 1ರಲ್ಲಿ ಜಾಸ್ತಿ ಬಂದರೆ ಮೋಟಾಗಿದೆ. ಬಾಗಿಲು ಮುಚ್ಚಿ, ಗೋಡೆ ಮತ್ತು ಶೀಟುಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಅಳೆಯಿರಿ. ಒಂದು ಸಲಕ್ಕೆ ಕೆಲವೇ ಮಿಲಿಮೀಟರ್ ಕತ್ತರಿಸಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಇದೇ ಬ್ಯಾಂಡಿನಲ್ಲಿ ಉದ್ದದ ವಿಷಯಕ್ಕೆ ಒಂದು ಮಾತು. 2.75 ಮೀಟರ್ ಕಡ್ಡಿ ಹೊತ್ತು ತಿರುಗಲಾಗದು ಎಂದು ಕಾಯಿಲು ಸುತ್ತಿ ಮೋಟು ಮಾಡುತ್ತಾರೆ. ಮೋಟಾದಷ್ಟೂ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಒಂದೂವರೆ ಮೀಟರ್‌ವರೆಗೆ ಒಪ್ಪಿಕೊಳ್ಳಬಹುದು. ಮೊಣಕೈ ಉದ್ದದ್ದು ನೋಡಲು ಚಂದ, ಅಷ್ಟೇ.

ನೂರಾರು ಕಿಲೋಮೀಟರ್ ಬೇಕೆಂದರೆ

ಮೇಲೆ ಹೇಳಿದ್ದೆಲ್ಲ ಗಾಡಿಯಿಂದ ಗಾಡಿಗೆ ಮಾತಾಡುವ ಮಾತು. ಸುತ್ತ ಯಾರೂ ಇಲ್ಲದ ಕಡೆ ಒಂಟಿ ಗಾಡಿಯಲ್ಲಿ ಹೋಗುವವರಿಗೆ ಎಷ್ಟೇ ಡಿಬಿಯ ಯುಎಚ್‌ಎಫ್ ಆಂಟೆನಾ ಇದ್ದರೂ ಪ್ರಯೋಜನ ಇಲ್ಲ. ದಿಗಂತದಾಚೆ ಹೋಗಬೇಕೆಂದರೆ ಎಚ್‌ಎಫ್ (ಕಡಿಮೆ ಆವರ್ತನದ, ಉದ್ದ ಅಲೆಯ ರೇಡಿಯೊ) ಬೇಕು, ಇಲ್ಲವೇ ಉಪಗ್ರಹ. ಆಸ್ಟ್ರೇಲಿಯಾದ ಒಳನಾಡಿನಲ್ಲಿ 1929ರಲ್ಲೇ ಆಲ್ಫ್ರೆಡ್ ಟ್ರೇಗರ್ ಪೆಡಲ್ ತುಳಿದು ಕರೆಂಟ್ ಮಾಡಿಕೊಳ್ಳುವ ರೇಡಿಯೊ ತಯಾರಿಸಿದ್ದರು. ನೂರಾರು ಕಿಲೋಮೀಟರ್ ದೂರದ ಒಂಟಿ ಮನೆಗಳು ಹಾರುವ ವೈದ್ಯರನ್ನು ಕರೆಯುತ್ತಿದ್ದದ್ದು ಅದರಲ್ಲೇ. ಈ ಅಲೆ ಆಕಾಶದ ಅಯಾನುಗೋಳಕ್ಕೆ ತಾಗಿ ಕೆಳಗೆ ಬರುತ್ತದೆ, ಹಾಗಾಗಿ ಬೆಟ್ಟ ಅಡ್ಡ ಬಂದರೂ ಲೆಕ್ಕಕ್ಕಿಲ್ಲ.

ಗಾಡಿಯ ಎಚ್‌ಎಫ್ ಆಂಟೆನಾದಲ್ಲಿ ಎರಡು ಬಗೆ. ಆಟೊಟ್ಯೂನ್ ಆಂಟೆನಾದ ದಪ್ಪ ಬುಡದೊಳಗೆ ಟ್ಯೂನ್ ಮಾಡುವ ಯಂತ್ರ ಕೂತಿರುತ್ತದೆ. ಚಾನೆಲ್ ಬದಲಿಸಿದರೆ ತಾನೇ ಹೊಂದಿಕೊಳ್ಳುತ್ತದೆ. ದುಬಾರಿ, ಭಾರ, ಕೆಟ್ಟರೆ ದಾರಿಯಲ್ಲಿ ರಿಪೇರಿ ಆಗದು. ಇನ್ನೊಂದು, ತಂತಿ ಸುತ್ತಿದ ಕೋಲಿನ ಮೇಲೆ ಒಂದೊಂದು ಬ್ಯಾಂಡಿಗೆ ಒಂದೊಂದು ಸಾಕೆಟ್ ಇರುವ ಬಗೆ. ಬ್ಯಾಂಡ್ ಬದಲಿಸಬೇಕಾದಾಗಲೆಲ್ಲ ಗಾಡಿಯಿಂದ ಇಳಿದು ಪ್ಲಗ್ ಬದಲಾಯಿಸಬೇಕು. ಕಿರಿಕಿರಿಯೇ, ಆದರೆ ಅದರೊಳಗೆ ಕೆಡುವಂಥದ್ದು ಏನೂ ಇಲ್ಲ. ಒಂಟಿ ಪ್ರಯಾಣಕ್ಕೆ ನನ್ನ ಮತ ಎರಡನೆಯದಕ್ಕೆ.

ಇವೆರಡನ್ನೂ ಮೀರಿಸುವುದು ಒಂದು ಮಾಮೂಲಿ ತಂತಿ. 5 ಮೆಗಾಹರ್ಟ್ಸ್‌ಗೆ ಅರ್ಧ ಅಲೆಯ ತಂತಿ ಸುಮಾರು ಇಪ್ಪತ್ತೆಂಟೂವರೆ ಮೀಟರ್. ನಡುವೆ ಕೇಬಲ್ ಸೇರಿಸಿ, ಎರಡು ತುದಿಗೂ ಹಗ್ಗ ಕಟ್ಟಿ, ಬಿಡಾರ ಹೂಡಿದ ಕಡೆ ಮರಗಳ ನಡುವೆ ನಾಲ್ಕೈದು ಮೀಟರ್ ಎತ್ತರಕ್ಕೆ ಎಳೆದರೆ ಸಾಕು. ಇಷ್ಟು ಕೆಳಗೆ ಕಟ್ಟಿದ ತಂತಿ ಅಲೆಯನ್ನು ನೇರ ಮೇಲಕ್ಕೆ ಎಸೆಯುತ್ತದೆ. ಅದು ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ನಡುವೆ ಖಾಲಿ ಬಿಡದೆ ಇಳಿಯುತ್ತದೆ. ಕಣಿವೆಯ ತಳದಲ್ಲಿದ್ದರೂ ಸರಿ. ಗಾಡಿಯ ಎರಡು ಮೀಟರ್ ಕೋಲಿನಲ್ಲಿ ಪಿಸುಗುಟ್ಟಿದಂತೆ ಕೇಳುತ್ತಿದ್ದ ಸ್ಟೇಷನ್ ಇದರಲ್ಲಿ ಸ್ಪಷ್ಟವಾಗಿ ಬರುತ್ತದೆ. ಸುತ್ತಿಟ್ಟರೆ ಒಂದು ಕೈಚೀಲಕ್ಕೂ ಸಾಕಾಗದಷ್ಟು ಸಾಮಾನು. ಓಡುವ ಗಾಡಿಯಲ್ಲಿ ಆಗದು, ನಿಂತ ಮೇಲೆ ಕಟ್ಟಬೇಕು ಅನ್ನುವುದೊಂದೇ ಕೊರತೆ.

ಎಚ್‌ಎಫ್ ಕಲಿಯಲು ಸಮಯ ಬೇಕು. ಹಗಲು ಮೇಲಿನ ಆವರ್ತನ, ರಾತ್ರಿ ಕೆಳಗಿನದು ಎಂಬಂಥ ಲೆಕ್ಕಗಳಿವೆ. ಅಷ್ಟು ತಾಳ್ಮೆ ಇಲ್ಲದವರು ಉಪಗ್ರಹದ ಸಂದೇಶ ಯಂತ್ರ ಇಟ್ಟುಕೊಂಡು ಗಾಡಿಗೆ ಯುಎಚ್‌ಎಫ್ ಆಂಟೆನಾ ಒಂದನ್ನೇ ಹಾಕಿಸಿಕೊಳ್ಳುವುದು ಮೇಲು. ಜೀವ ಉಳಿಸುವ ಕರೆಗೆ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಬೇರೆಯೇ ಇರಲಿ. ಅದಕ್ಕೆ ಗಾಡಿಯ ಆಂಟೆನಾ, ಬ್ಯಾಟರಿ ಯಾವುದರ ಹಂಗೂ ಇಲ್ಲ.

ಹೊರಡುವ ಮೊದಲು ಜೊತೆಯ ಗಾಡಿಯೊಂದನ್ನು ಕರೆದುಕೊಂಡು ಒಂದು ಬೆಳಿಗ್ಗೆ ಪರೀಕ್ಷೆ ಮಾಡಿ. ಒಬ್ಬರು ಒಂದೇ ಕಡೆ ನಿಲ್ಲಲಿ, ಇನ್ನೊಬ್ಬರು ದೂರ ಹೋಗುತ್ತಾ ಮಾತಾಡಲಿ. ಮಾತು ತುಂಡುತುಂಡಾಗತೊಡಗಿದ ಜಾಗದಲ್ಲಿ ಗಾಡಿ ನಿಲ್ಲಿಸಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಯಾವ ಮುಖಕ್ಕೆ ಮಾತು ಗಟ್ಟಿ, ಯಾವ ಮುಖಕ್ಕೆ ಸತ್ತುಹೋಗುತ್ತದೆ ಎಂದು ಗೊತ್ತಾಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಸನ್‌ವೈಸರ್ ಹಿಂದೆ ಸಿಕ್ಕಿಸಿಡಿ. ಅದರ ಪಕ್ಕದಲ್ಲೇ ಒಂದು ಹೆಚ್ಚುವರಿ ಪ್ಲಗ್, ಕಡ್ಡಿ ಬಿಗಿಯುವ ಸಣ್ಣ ಅಲೆನ್ ಕೀ ಕೂಡ ಇರಲಿ.